ಅಳಿವೆ ಬದಿ ಗೇಟಿನ ನಡುಕಂಬ: ಬಡಾವಣೆ ಗುಂಪಿನಲ್ಲಿ ಒಂದು ದಿನ

ಸಿ-9 · ಬೆಳಗ್ಗೆ 5:41
ಸಾಕಾಯ್ತು ಮಾರಾಯ್ರೆ. ರಾತ್ರಿ ಒಂದೂವರೆಯಿಂದ ಮೂರರ ತನಕ ಕಡಲ ಬದಿಯ ಟ್ರ್ಯಾಕಿನಲ್ಲಿ ಬೈಕ್ ರೇಸು. ಸೈಲೆನ್ಸರ್ ಬಿಚ್ಚಿದ್ದೇ ನಾಲ್ಕೈದು. ಅದರ ಹಿಂದಿನಿಂದ ಒಂದು ಜೀಪು. ಜೀಪು! ಜನ ನಡೆಯುವ ದಾರಿಯಲ್ಲಿ! ಗಾಡಿ ಒಳಗೆ ಬಾರದ ಹಾಗೆ ಗೇಟಿನ ನಡುವೆ ನಿಲ್ಲಿಸಿದ್ದ ನಡುಕಂಬ ಹೋಗಿ ಎಷ್ಟು ಸಮಯ ಆಯ್ತು? ಹಾಕಿಸುವವರು ಯಾರೂ ಇಲ್ಲ. ಮೀಟಿಂಗ್ ಮಾಡುವ, ಪುಸ್ತಕದಲ್ಲಿ ಬರೆಯುವ, ಮನೆಗೆ ಹೋಗಿ ಮಲಗುವ. ಮಲಗ್ಲಿಕ್ಕಾದ್ರೂ ಬಿಡ್ತಾರಾ?

ಎ-3 · 6:05
ಗಾಳಿಮರದ ತಿರುವಿನಲ್ಲಿ ನೆಲಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲು ಎದ್ದಿದೆ. ಕಡಲಿನ ಬದಿಯ ಅಂಚುಕಲ್ಲು ಎರಡು ಮೀಟರ್ ಉದ್ದಕ್ಕೆ ಹೊರಗೆ ಜಾರಿದೆ. ಜೀಪಿನ ಚಕ್ರ ಅಲ್ಲಿಯೇ ಇಳಿದದ್ದು. ಸೈಕಲಿನವರು ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಬಿಟ್ಟರೆ ಇದು ನಿಲ್ಲುವುದಿಲ್ಲ. ಇಂಟರ್‌ಲಾಕನ್ನು ಹಿಡಿದು ನಿಲ್ಲಿಸುವುದೇ ಅಂಚು. ಅದು ಹೋದರೆ ಕೆಳಗಿನ ಮರಳು ಸೋರಿ ಒಂದೊಂದೇ ಕಲ್ಲು ಕುಸಿಯುತ್ತದೆ.

ಬಿ-1 · 6:11
ನಾನು ಅಂದೇ ಹೇಳಿದ್ದೆ.

ಬಿ-1 · 6:11
ಹೇಳಿದ್ದೆನೋ ಇಲ್ಲವೋ?

ಬಿ-1 · 6:13
ನಡುಕಂಬ ತೆಗೆಸಿದ್ದೇ ಸೈಕಲಿನವರು. ಭಾನುವಾರ ಗುಂಪು ಕಟ್ಟಿಕೊಂಡು ಬರ್ತಾರಲ್ಲ, ಅವರಿಗೆ ಕಂಬ ಅಡ್ಡ ಆಗ್ತದೆ ಅಂತ.

ಎ-11 · 6:20
ರಾಯರೇ, ಆ ಕಂಬದ ಬುಡ ಒಮ್ಮೆ ನೋಡಿ ಬನ್ನಿ. ಗ್ಯಾಸ್ ಕಟರಿನಲ್ಲಿ ಕತ್ತರಿಸಿದ್ದು, ಅಂಚಿನಲ್ಲಿ ಕಬ್ಬಿಣ ಕರಗಿ ಹೆಪ್ಪುಗಟ್ಟಿದೆ. ಸೈಕಲಿನವರು ಜೊತೆಗೆ ತರುವುದು ಪಂಪು, ಗ್ಯಾಸ್ ಸಿಲಿಂಡರ್ ಅಲ್ಲ.

ಡಿ-4 · 6:22
ಪಂಪಿನಲ್ಲಿ ಊದಿ ಊದಿ ಹಾರಿಸಿದ್ದಾಗಿರಬಹುದು.

ಅಡ್ಮಿನ್ · 6:40
ಎಲ್ಲರಿಗೂ ಗೊತ್ತಿರುವ ವಿಷಯ ಪುನಃ ಬೇಡ. ಅದು ಬೀಗ ತೆಗೆದು ಎತ್ತುವ ಕಂಬ ಆಗಿತ್ತು. ಬೀಗ ತುಕ್ಕು ಹಿಡಿದು ಕೂತಿತು, ಜೀವರಕ್ಷಕರ ಗಾಡಿ ಒಳಗೆ ಹೋಗಬೇಕಿತ್ತು, ಕತ್ತರಿಸಿದರು. ಅಷ್ಟೆ.

ಬಿ-1 · 6:42
ಕೀ ಯಾರ ಹತ್ತಿರ ಇತ್ತು?

ಬಿ-1 · 6:42
ಅದನ್ನು ಹೇಳಿ ಮೊದಲು.

ಸಿ-9 · 6:44
ಕೀ ಕತೆ ಕಟ್ಟಿ ಇಡಿ. ಇವತ್ತು ರಾತ್ರಿಗೆ ಎಂತ ಮಾಡುದು? ಹೊಸ ವರ್ಷಕ್ಕೆ ಹತ್ತು ದಿನ ಇಲ್ಲ.

ಡಿ-6 ಮೇಷ್ಟ್ರು · 7:15
ಕೀ ಇದ್ದಿದ್ದರೂ ಆ ಬೀಗ ತೆರೆಯುತ್ತಿರಲಿಲ್ಲ. ನೆಲದಲ್ಲಿ ಹೂತ ತೋಳು, ಅಂದರೆ ಕಂಬ ಇಳಿಯುವ ಹೊರ ಪೈಪು, ಅದಕ್ಕೆ ತಳದಲ್ಲಿ ನೀರು ಹೋಗುವ ದಾರಿ ಇಟ್ಟಿರಲಿಲ್ಲ. ಮರಳು ತುಂಬಿತು, ಉಪ್ಪುನೀರು ನಿಂತಿತು, ಒಳಗಿನ ಪೈಪೂ ಹೊರಗಿನ ಪೈಪೂ ಒಂದಾದವು. ಮತ್ತೆ ಅದೇ ರೀತಿ ಹಾಕಿಸಿದರೆ ಮುಂದಿನ ಮಳೆಗಾಲ ಕಳೆಯುವುದರೊಳಗೆ ಮತ್ತೆ ಗ್ಯಾಸ್ ಕಟರ್ ಬರುತ್ತದೆ.

ಹಾಕಿಸುವ ಕ್ರಮ ಹೀಗೆ: 450 x 450 ಮಿಮೀ ಗುಂಡಿ, 750 ಆಳ. ತಳದಲ್ಲಿ 150 ಮಿಮೀ ಜಲ್ಲಿ, ಅದರ ಮೇಲೆ ತೋಳು ಕೂರಬೇಕು. ತೋಳಿನ ಬಾಯಿ ಕೆಳಗೂ ತೆರೆದೇ ಇರಬೇಕು, ನೀರು ಜಲ್ಲಿಗೆ ಇಳಿಯಲಿ. ಸುತ್ತ ಕಾಂಕ್ರೀಟು. ಕಂಬಕ್ಕೂ ತೋಳಿಗೂ ಬಿಸಿ ಸತುವಿನಲ್ಲಿ ಅದ್ದಿದ ಗ್ಯಾಲ್ವನೈಸಿಂಗ್ ಬೇಕು, ಬರೀ ಬೆಳ್ಳಿ ಬಣ್ಣ ಬಳಿದದ್ದಲ್ಲ. ಕೊರೆಯುವ, ವೆಲ್ಡ್ ಮಾಡುವ ಕೆಲಸ ಎಲ್ಲ ಮುಗಿಸಿ ಆಮೇಲೆ ಅದ್ದಬೇಕು. ಅದ್ದಿದ ಮೇಲೆ ವೆಲ್ಡ್ ಮಾಡಿದರೆ ಆ ಜಾಗದಿಂದಲೇ ತುಕ್ಕು ಶುರು. ಸ್ಟೇನ್‌ಲೆಸ್ ಸ್ಟೀಲೇ ಬೇಕು ಅಂತಾದರೆ 316 ದರ್ಜೆ. 304 ಕಡಲ ಗಾಳಿಗೆ ಕಂದು ಕಲೆ ಹಿಡಿಯುತ್ತದೆ. ಬೀಗ ಹಿತ್ತಾಳೆಯದ್ದು, ತಿಂಗಳಿಗೊಮ್ಮೆ ತೆರೆದು ಗ್ರೀಸ್ ಹಾಕಬೇಕು.

ಬಿ-1 · 7:18
ಕಾಂಕ್ರೀಟಿನಲ್ಲಿಯೇ ಹುಗಿದು ಬಿಡಿ ಮೇಷ್ಟ್ರೇ. ತೆಗೆಯುವ ಕಂಬ ಯಾಕೆ? ತೆಗೆಯಲಿಕ್ಕಾಗುವುದನ್ನು ಯಾರಾದರೂ ತೆಗೆಯುತ್ತಾರೆ.

ಡಿ-6 ಮೇಷ್ಟ್ರು · 7:24
ನೀರಿನಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಆಂಬುಲೆನ್ಸ್ ಎಲ್ಲಿಂದ ಒಳಗೆ ಬರುವುದು? ದೋಣಿ ಎಳೆಯುವವರಿಗೂ ಅದೇ ದಾರಿ. ಅವರು ಈ ಟ್ರ್ಯಾಕಿಗಿಂತ ಮೊದಲು ಇದ್ದವರು.

ಎ-11 · 7:31
ಕಂಬ ಒಂದು ಅಥವಾ ಮೂರು ಇರಲಿ, ಎರಡು ಮಾತ್ರ ಬೇಡ. ಎರಡು ಹಾಕಿದರೆ ಆಚೆಯಿಂದ ಬರುವವನೂ ಈಚೆಯಿಂದ ಹೋಗುವವನೂ ನಡುವಿನ ಸಂದಿಗೇ ನುಗ್ಗುತ್ತಾರೆ, ಮುಖಾಮುಖಿ ಡಿಕ್ಕಿ. ನಮ್ಮದು ಗೇಟಿನಲ್ಲಿ 3 ಮೀಟರ್ ಅಗಲ. ನಡುವೆ 110 ಮಿಮೀ ದಪ್ಪದ ಒಂದೇ ಕಂಬ ನಿಲ್ಲಿಸಿದರೆ ಎರಡೂ ಬದಿ 1.44 ಮೀಟರ್ ಉಳಿಯುತ್ತದೆ. ಜೀಪು ಹೋಗುವುದಿಲ್ಲ, ಕಾರೂ ಹೋಗುವುದಿಲ್ಲ. ರಿಕ್ಷಾ ಬೇಕಾದರೆ ನುಸುಳೀತು, ಅದರ ಅಗಲ 1.3 ಆಸುಪಾಸು.

ಕಂಬದ ಎತ್ತರ ಒಂದು ಮೀಟರಿಗೆ ಕಡಿಮೆ ಬೇಡ. ಗುಂಪಿನಲ್ಲಿ ಹಿಂದಿನಿಂದ ಬರುವ ಸೈಕಲಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಮುಂದಿನವನು ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಂಡ, ಹಿಂದಿನವನು ನೇರ ಕಂಬಕ್ಕೆ. ಅದಕ್ಕೇ ಕಂಬಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ನೆಲದಲ್ಲಿ ಕಂಬದ ಸುತ್ತ ಹಳದಿ ವಜ್ರಾಕಾರದ ಗೆರೆ, ಆರೇಳು ಮೀಟರ್ ಮೊದಲೇ ಶುರುವಾಗುವ ಹಾಗೆ.

ಸಿ-9 · 7:35
ಬೈಕು?

ಎ-11 · 7:38
ಅದೇ ತಲೆನೋವು ಅಕ್ಕಾ. ಬೈಕಿನ ಹ್ಯಾಂಡಲ್ 70-80 ಸೆಂಮೀ. ಗಾಲಿಕುರ್ಚಿಗೆ 90 ಸೆಂಮೀ ಜಾಗ ಬಿಡಲೇಬೇಕು. ಬೈಕನ್ನು ತಡೆಯುವ ಸಂದಿ ಯಾವುದು ಇಟ್ಟರೂ ಗಾಲಿಕುರ್ಚಿ ಅದಕ್ಕಿಂತ ಮೊದಲೇ ಸಿಕ್ಕಿಕೊಳ್ಳುತ್ತದೆ.

ಬಿ-1 · 7:40
ಹಾಗಾದರೆ ಹಂಪ್ ಹಾಕಿ. ಇಪ್ಪತ್ತು ಮೀಟರಿಗೊಂದು.

ಬಿ-1 · 7:40
ಸೈಕಲಿನವರ ಸ್ಪೀಡೂ ಕಡಿಮೆ ಆಗ್ತದೆ. ಒಂದೇ ಏಟಿಗೆ ಎರಡು.

ಎ-7 · 7:52
ಹಂಪ್ ದಾಟುವಾಗ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ತಡೆದು ನಿಲ್ಲುತ್ತದೆ, ಕೂತವರು ಮುಂದಕ್ಕೆ ಬೀಳುತ್ತಾರೆ. ರೇಸಿನವರಿಗೆ ಹಂಪ್ ಅಂದರೆ ಹಾರುವ ಆಟ. ನಿಮಗೆ ಸೈಕಲಿನವರ ಮೇಲೆ ಕೋಪ ಇದ್ದರೆ ಬೇರೆ ಹೇಳಿ.

ಬಿ-1 · 7:53
ಕೋಪ ಅಲ್ಲ ಶಿಸ್ತು. ಬೆಲ್ ಹಾಕುವುದಿಲ್ಲ, ಎಡಬದಿ ಹಿಡಿಯುವುದಿಲ್ಲ.

ಎ-11 · 7:57
ಬೆಲ್ ಹಾಕಿದರೆ "ಎಂತ ಅವಸರ" ಅಂತ ಬೈತೀರಿ. ನಾಲ್ಕು ಜನ ಅಡ್ಡಕ್ಕೆ ಸಾಲಾಗಿ ನಡೆದರೆ ಎಡ ಎಲ್ಲಿ, ಬಲ ಎಲ್ಲಿ?

ಬಿ-1 · 7:58
ನಡೆಯುವವರ ದಾರಿ ಅದು.

ಎ-11 · 7:58
ಇಬ್ಬರದ್ದೂ ಅಂತ ಬೋರ್ಡು ಉಂಟು.

ಡಿ-4 · 8:00
ಬೋರ್ಡಿನ ಆ ಅರ್ಧ ತುಕ್ಕು ತಿಂದಿದೆ. ಈಗ ಯಾರದ್ದೂ ಅಲ್ಲ.

ಸಿ-2 · 8:09
*ತುರ್ತು!! ತುರ್ತು!! ಇಂದು ರಾತ್ರಿ ಕಳ್ಳಕಡಲು! ಮೂರು ಮೀಟರ್ ಅಲೆ! ಕರಾವಳಿಯವರೆಲ್ಲ ಎಚ್ಚರ! ಕನಿಷ್ಠ ಹತ್ತು ಜನರಿಗೆ ಕಳಿಸಿ!!*

ಎ-3 · 8:16
ಇದು ಬೇಸಿಗೆಯಲ್ಲಿ ಓಡಾಡಿದ ಸಂದೇಶ, ಯಾರೋ ದಿನಾಂಕ ತೆಗೆದು ಪುನಃ ಬಿಟ್ಟಿದ್ದಾರೆ. ಕಳ್ಳಕಡಲು ಹೆಚ್ಚಾಗಿ ಬರುವುದು ಏಪ್ರಿಲ್, ಮೇ ಹೊತ್ತಿಗೆ. ದಕ್ಷಿಣದ ಮಹಾಸಾಗರದಲ್ಲಿ ದೂರ ಎಲ್ಲೋ ಬಿರುಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ಸಾಗಿ ಇಲ್ಲಿಗೆ ಮುಟ್ಟುತ್ತದೆ. ಇಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಕಡಲು ಮಾತ್ರ ಏರುತ್ತದೆ, ಅದಕ್ಕೇ ಕಳ್ಳ. ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್ಕಾಯಿಸ್, ಅಂದರೆ ಕೇಂದ್ರ ಸರಕಾರದ ಸಾಗರ ಮಾಹಿತಿ ಕೇಂದ್ರ. ಅವರ ಜಾಲತಾಣದಲ್ಲಿ ದಿನವೂ ಹಾಕುತ್ತಾರೆ, ಅಲ್ಲಿ ನೋಡಿ.

ನೀರಿನ ಮಾತು ಬಂದದ್ದಕ್ಕೆ: ಅಂಚುಕಲ್ಲು ಕೂರಿಸುವ ಕೆಲಸ ಅಷ್ಟಮಿಯ ಹತ್ತಿರದ ದಿನಗಳಲ್ಲಿ ಇಟ್ಟುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನ ಉಬ್ಬರ ಜೋರು, ಅಷ್ಟಮಿಗೆ ಕಮ್ಮಿ. ಇಳಿತ ಶುರುವಾದ ಕೂಡಲೇ ಕೈಹಾಕಿದರೆ ಐದಾರು ಗಂಟೆ ಸಿಗುತ್ತದೆ. ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ತಡ ಆಗುತ್ತದೆ, ಆಳುಗಳಿಗೆ ದಿನವೂ ಒಂದೇ ಹೊತ್ತು ಹೇಳಬೇಡಿ.

ಸಿ-2 · 8:18
ಬಂದದ್ದನ್ನು ಕಳಿಸಿದೆ. ಎಚ್ಚರ ಒಳ್ಳೆಯದಲ್ವಾ.

ಬಿ-1 · 8:20
ಕೀ ಯಾರ ಹತ್ತಿರ ಇತ್ತು ಅಂತ ಅಡ್ಮಿನ್ ಇನ್ನೂ ಹೇಳಿಲ್ಲ.

*ಈ ಸಂದೇಶವನ್ನು ಅಳಿಸಲಾಗಿದೆ*

ಬಿ-1 · 8:21
ಅಳಿಸಿದರೂ ಓದಿದೆ.

ಎ-7 · 9:30
ಬೈಕು ಕಂಬದಿಂದ ನಿಲ್ಲುವುದಿಲ್ಲ ಅಂತಾದರೆ ಪಾರ್ಕಿಂಗಿನಲ್ಲಿ ನಿಲ್ಲಿಸುವ. ಅವರೆಲ್ಲ ಕೂಡುವುದೇ ಅಲ್ಲಿ. ಪಾರ್ಕಿಂಗ್ ಗೇಟು ರಾತ್ರಿ ಹತ್ತಕ್ಕೆ ಮುಚ್ಚಿದರೆ ಅರ್ಧ ಸಮಸ್ಯೆ ಮುಗಿಯಿತು. ಕಾನೂನೂ ಉಂಟು: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ವಸತಿ ಪ್ರದೇಶಕ್ಕೆ ಮಿತಿ 45 ಡೆಸಿಬೆಲ್. ರೇಸು ನಡೆಯುವಾಗಲೇ 112ಕ್ಕೆ ಫೋನ್ ಮಾಡಬೇಕು, ಬೆಳಗ್ಗೆ ಗುಂಪಿನಲ್ಲಿ ಬರೆದರೆ ಯಾರೂ ಬರುವುದಿಲ್ಲ. ಒಬ್ಬರೇ ಮಾಡಬೇಡಿ, ಮೂರು ನಾಲ್ಕು ಮನೆಯಿಂದ ಹೋಗಲಿ. ಗಾಡಿ ನಂಬರ್, ಸಮಯ, ಯಾವ ಗೇಟು, ಅಷ್ಟು ಹೇಳಿದರೆ ಸಾಕು.

ಸಿ-9 · 9:34
ಇದು ಸರಿ. ಹತ್ತು ಗಂಟೆಗೆ ಗೇಟು ಮುಚ್ಚುವವರು ಯಾರು?

ಅಡ್ಮಿನ್ · 9:50
ಹೆಸರು ಕೊಡಿ. ವಾರಕ್ಕೆ ಏಳು ಜನ ಬೇಕು.

ಅಡ್ಮಿನ್ · 11:15
ಹೆಸರು?

ಡಿ-4 · 11:20
ಎಲ್ಲರೂ ಒಟ್ಟಿಗೆ ಮಲಗಿದ ಹಾಗೆ ಉಂಟು. ರಾತ್ರಿ ನಿದ್ರೆ ಆಗಲಿಲ್ಲ ಅಲ್ವಾ.

ಬಿ-1 · 11:24
ಗೇಟು ಮುಚ್ಚುವುದು ನಮ್ಮ ಕೆಲಸ ಅಲ್ಲ. ಗೇಟಿನ ಹತ್ತಿರ ದೊಡ್ಡ ಫೋಕಸ್ ಲೈಟ್ ಹಾಕಿಸಿದ್ದು ನಾನು, ಅದು ಇಲ್ಲದಿದ್ದರೆ ಇದಕ್ಕಿಂತ ಕಷ್ಟ ಇತ್ತು. ಇನ್ನೆರಡು ಹಾಕಿಸುವ. ಬೆಳಕಿದ್ದಲ್ಲಿ ಕಳ್ಳರು ಬರುವುದಿಲ್ಲ.

ಸಿ-9 · 11:26
ಆ ಲೈಟಿನಿಂದಲೇ ರೇಸು ನಡೆಯುವುದು! ಕತ್ತಲಿದ್ದರೆ ತಿರುವಿನಲ್ಲಿ ಅಷ್ಟು ವೇಗ ತೆಗೆಯಲಿಕ್ಕೆ ಧೈರ್ಯ ಬರ್ತದಾ? ನಮ್ಮ ಮಲಗುವ ಕೋಣೆಯ ಗೋಡೆಯೂ ಹಗಲಿನ ಹಾಗೆ.

ಎ-3 · 11:41
ಲೈಟಿನ ಬಗ್ಗೆ ಇನ್ನೊಂದು ಉಂಟು. ಆಮೆ ಮೊಟ್ಟೆಯಿಡುವ ಕಾಲ ಶುರುವಾಗಿದೆ. ಆಲಿವ್ ರಿಡ್ಲೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಮೊಟ್ಟೆ ಒಡೆಯಲಿಕ್ಕೆ ಒಂದೂವರೆ ತಿಂಗಳಿನ ಮೇಲೆ ಬೇಕು. ಮರಿ ಹೊರಗೆ ಬರುವುದು ಹೆಚ್ಚಾಗಿ ರಾತ್ರಿ, ಬಂದದ್ದೇ ಬೆಳಕು ಹೆಚ್ಚಿರುವ ಕಡೆಗೆ ಹೋಗುತ್ತದೆ. ಕತ್ತಲ ದಂಡೆಯಲ್ಲಿ ಅದು ಕಡಲು. ಇಲ್ಲಿ ಅದು ನಮ್ಮ ಫೋಕಸ್ ಲೈಟು. ನೀರಿಗೆ ಹೋಗಬೇಕಾದ ಮರಿ ಪಾರ್ಕಿಂಗಿಗೆ ಬರುತ್ತದೆ, ಬೆಳಗ್ಗೆ ಕಾಗೆ, ನಾಯಿ.

ಎ-7 · 11:44
ಅಯ್ಯೋ. ಹಾಗಾದರೆ ಕೂಡಲೇ ತೆಗೆಸಬೇಕು.

ಬಿ-1 · 11:45
ತೆಗೆಸಲಿಕ್ಕೆ ಬಿಡುವುದಿಲ್ಲ.

ಡಿ-6 ಮೇಷ್ಟ್ರು · 12:10
ತೆಗೆಸುವುದು ಬೇಡ, ಬದಲಿಸುವ. ಕಡಲಿನಿಂದ ನೋಡಿದರೆ ಬಲ್ಬು ನೇರ ಕಾಣಬಾರದು, ಇದು ಮೊದಲು. ದೀಪದ ಮೂತಿ ನೆಲಕ್ಕೆ, ಮೂರೂ ಬದಿ ತಗಡಿನ ಮುಚ್ಚಳ. ಎರಡನೆಯದು ಬಣ್ಣ: ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಹೆಚ್ಚು, ಮರಿಗಳನ್ನು ಎಳೆಯುವುದು ಅದು. 560 ನ್ಯಾನೋಮೀಟರಿಗಿಂತ ಮೇಲಿನ ಅಂಬರ್ ಎಲ್‌ಇಡಿ ಬೇಕು. ಬಿಳಿ ಬಲ್ಬಿಗೆ ಹಳದಿ ಕಾಗದ ಅಂಟಿಸಿದರೆ ಸಾಲದು, ಬಿಸಿಲಿಗೆ ಬಣ್ಣ ಹೋಗುತ್ತದೆ. ಮೂರನೆಯದು ಎತ್ತರ: ಟ್ರ್ಯಾಕಿನ ಪಕ್ಕ ಮೊಣಕಾಲ ಮಟ್ಟದ ದೀಪ ಸಾಕು, ನಡೆಯುವವರಿಗೆ ಬೇಕಾದದ್ದು ನೆಲ, ಆಕಾಶ ಅಲ್ಲ.

ಎ-11 · 12:18
ಸೈಕಲಿನವರು ತಮ್ಮ ದೀಪ ತಾವೇ ತರಲಿ, ಮುಂದಿನದ್ದು ನೆಲಕ್ಕೆ ಬಾಗಿರಲಿ. ಹಾಗೆ ಇಟ್ಟರೆ ತಿರುವಿನಲ್ಲಿ ಮರಳು ಹರಡಿದ್ದು ಮೊದಲೇ ಗೊತ್ತಾಗುತ್ತದೆ. ಇಂಟರ್‌ಲಾಕ್ ಮೇಲೆ ಒಣ ಮರಳಿನ ತೆಳು ಪದರ ಇದ್ದರೆ, ವಾಲಿದ ಸೈಕಲಿಗೆ ಮುಂದಿನ ಬ್ರೇಕ್ ಹಿಡಿದ ಕೂಡಲೇ ಚಕ್ರ ಜಾರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಒಳಗೆ ಬ್ರೇಕ್ ಮುಟ್ಟದೆ ದಾಟಬೇಕು.

ಎ-3 · 12:22
ಆ ಮರಳು ಗುಡಿಸುವವರಿಗೆ ಒಂದು ಮಾತು: ಗೋಣಿಯಲ್ಲಿ ತುಂಬಿ ಹೊರಗೆ ಕಳಿಸಬೇಡಿ. ದಂಡೆಗೇ ಹಿಂದಕ್ಕೆ ಎಳೆಯಿರಿ. ದಂಡೆಯ ಮರಳು ಕಮ್ಮಿಯಾದಷ್ಟು ನೀರು ಟ್ರ್ಯಾಕಿಗೆ ಹತ್ತಿರ.

ಅಡ್ಮಿನ್ · 1:05
ಭಾನುವಾರ ಸಂಜೆ ನಾಲ್ಕಕ್ಕೆ ಮೀಟಿಂಗ್. ವಿಷಯ: ಟ್ರ್ಯಾಕಿನ ದೀಪ.

ಸಿ-9 · 1:07
ಕಂಬ?

ಅಡ್ಮಿನ್ · 1:09
ಕಂಬ ಇತರೆ ವಿಷಯದಲ್ಲಿ ಬರ್ತದೆ ಅಕ್ಕ. ದೀಪಕ್ಕೆ ಅರ್ಜಿ ಬರೆಯಬೇಕಾದರೆ ಪ್ರತಿ ಕಂಬದ ನಂಬರ್ ಬೇಕು.

ಡಿ-4 · 1:10
ಯಾವ ಕಂಬ? ದೀಪದ ಕಂಬವೋ, ಇಲ್ಲದ ಕಂಬವೋ?

ಬಿ-1 · 1:12
ನಂಬರ್ ಪಟ್ಟಿ ನನ್ನ ಹತ್ತಿರ ಉಂಟು. ಅಳಿವೆಯಿಂದ ಶುರು ಮಾಡಿ 1ರಿಂದ 23. ಆದರೆ ಫೋಕಸ್ ಲೈಟ್ ಮುಟ್ಟಬಾರದು ಅಂತ ಮೊದಲೇ ಬರೆಯಿರಿ.

ಡಿ-6 ಮೇಷ್ಟ್ರು · 1:30
ರಾತ್ರಿ ಏಳರ ನಂತರ ನೀರಿನಂಚಿನಲ್ಲಿ ನಿಂತು ಫೋಟೋ ತೆಗೆಯಿರಿ. ಯಾವ ಯಾವ ಬಲ್ಬು ನೇರ ಕಣ್ಣಿಗೆ ಹೊಡೆಯುತ್ತದೆ, ಅಷ್ಟರ ನಂಬರ್ ಮಾತ್ರ ಸಾಕು. ಕಂಬದ ಬುಡದ ಪೆಟ್ಟಿಗೆ ಯಾರೂ ತೆರೆಯಬೇಡಿ, ಉಪ್ಪು ತಿಂದು ಮುಚ್ಚಳ ಸಡಿಲ ಆಗಿದೆ, ಒಳಗೆ ತಂತಿಯ ಹೊದಿಕೆ ಹೋಗಿರಬಹುದು.

ಎ-7 · 1:33
1ರಿಂದ 12 ನಾವು ನೋಡ್ತೇವೆ.

ಎ-11 · 1:36
13ರಿಂದ 23 ನಮ್ಮದು.