ಕ್ರಿಯಾವಿಶೇಷಣದ ಆಟ: ಚೆನ್ನಾಗಿ ಅಭಿನಯಿಸುವ ಮಕ್ಕಳು ಬರೆಯುವಾಗ ಏಕೆ ತಪ್ಪುತ್ತಾರೆ?

ಪ್ರಶ್ನೆ: ಕನ್ನಡ ಶಿಕ್ಷಕಿ, ಮುದ್ದೇಬಿಹಾಳ ತಾಲ್ಲೂಕು

ಎಲ್ಲರಿಗೂ ಶರಣು. ನಾನು 7ನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಕೋಣೆಯಲ್ಲಿ 46 ಮಕ್ಕಳಿದ್ದಾರೆ, ಅವಧಿ 40 ನಿಮಿಷಗಳದ್ದು. ಕೆಲಸ ಹೇಗೆ ನಡೆಯಿತು ಎಂದು ಹೇಳುವ ಪದವಾದ ಕ್ರಿಯಾವಿಶೇಷಣದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವುದು ಬೇಡವೆಂದು ಎರಡು ಡಬ್ಬಿಗಳಲ್ಲಿ ಚೀಟಿ ಹಾಕಿ ಆಟ ಆಡಿಸಿದೆ. ಒಂದರಲ್ಲಿ ‘ರೊಟ್ಟಿ ಬಡಿ’, ‘ನೀರು ಸೇದು’, ‘ಬಸ್ಸು ಹತ್ತು’ ಎಂಬ ಕೆಲಸಗಳಿದ್ದವು. ಇನ್ನೊಂದರಲ್ಲಿ ‘ಮೆಲ್ಲಗೆ’, ‘ಥಟ್ಟನೆ’, ‘ಸಿಟ್ಟಿನಿಂದ’, ‘ಹೆದರುತ್ತಾ’ ಎಂಬ ಪದಗಳಿದ್ದವು. ಒಬ್ಬರು ಎರಡೂ ಚೀಟಿ ಎತ್ತಿ ಅಭಿನಯಿಸಬೇಕು, ಉಳಿದವರು ಪದವನ್ನು ಊಹಿಸಬೇಕು. ಮಕ್ಕಳು ಬಹಳ ಸಂತೋಷದಿಂದ ಆಡಿದರು. ಆದರೆ ಮರುದಿನ ‘ಗೌರಿ ದೊಡ್ಡ ರೊಟ್ಟಿಯನ್ನು ಬೇಗನೆ ಬಡಿದಳು’ ಎಂಬ ವಾಕ್ಯದಲ್ಲಿ ಕ್ರಿಯಾವಿಶೇಷಣಕ್ಕೆ ಗೆರೆ ಎಳೆಯಿರಿ ಎಂದರೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ದೊಡ್ಡ’ ಎಂಬುದಕ್ಕೆ ಗೆರೆ ಎಳೆದಿದ್ದರು.

ಇನ್ನೊಂದು ಮಾತು ನನ್ನನ್ನು ಕಾಡುತ್ತಿದೆ. ‘ಮೆಲ್ಲಗೆ’ ಎಂಬ ಚೀಟಿಯ ಅಭಿನಯವನ್ನು ನೋಡಿ ಒಬ್ಬ ಹುಡುಗ ನಮ್ಮ ಕಡೆಯ ಆಡುಮಾತಿನಲ್ಲಿ ‘ಹಗೂರಕ’ ಎಂದ. ಚೀಟಿಯಲ್ಲಿದ್ದ ಪದ ಅದಲ್ಲವೆಂದು ನಾನು ಅಂಕ ಕೊಡಲಿಲ್ಲ. ಅವನು ಅವಧಿ ಮುಗಿಯುವವರೆಗೂ ಮತ್ತೆ ಬಾಯಿ ತೆರೆಯಲಿಲ್ಲ. ನಾನು ಮಾಡಿದ್ದು ಸರಿಯೇ?

ಉತ್ತರ 1: ನಿವೃತ್ತ ಶಿಕ್ಷಕ, ಜಮಖಂಡಿ

ಮೇಡಂ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಆ ಹುಡುಗ ಪಾಠವನ್ನು ನಿಮ್ಮ ಡಬ್ಬಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದಾನೆ. ಕೆಲಸ ಹೇಗೆ ನಡೆಯಿತು ಎಂಬುದನ್ನು ಹೇಳುವ ಪದಗಳು ನಮ್ಮ ಭಾಗದ ಮಕ್ಕಳ ನಾಲಿಗೆಯ ಮೇಲೆ ಬೇಕಾದಷ್ಟಿವೆ: ಲಗೂನ, ದೌಡ, ಹಗೂರಕ, ಸಾವಕಾಶ, ಸುಮ್ಮಕ. ಹಲಗೆಯ ಮೇಲೆ ಎರಡು ಸಾಲು ಮಾಡಿ, ಒಂದರಲ್ಲಿ ಮನೆಯ ಮಾತನ್ನೂ ಇನ್ನೊಂದರಲ್ಲಿ ಬರವಣಿಗೆಯ ಮಾತನ್ನೂ ಬರೆಸಿರಿ. ಮೊದಲ ಪದವನ್ನು ಆ ಹುಡುಗನ ಕೈಯಿಂದಲೇ ಬರೆಸಿರಿ.

ಇನ್ನು ಆಟದ ವಿಷಯ. ನಿಮ್ಮ ಆಟದಲ್ಲಿ ಮಕ್ಕಳು ಊಹಿಸುವುದು ಬಿಡಿ ಪದವನ್ನು; ವಾಕ್ಯವನ್ನು ಯಾರೂ ಕಟ್ಟುವುದಿಲ್ಲ. ಆದುದರಿಂದ ಆ ಪದ ಯಾವ ಪದಕ್ಕೆ ಸೇರಿದ್ದು ಎಂಬ ಪ್ರಶ್ನೆ ಆಟದಲ್ಲಿ ಏಳುವುದೇ ಇಲ್ಲ. ಕ್ರಿಯೆ ಒಂದೇ ಇರಲಿ, ‘ಬಾಗಿಲು ತೆರೆ’ ಸಾಕು. ಐದು ಮಕ್ಕಳು ಅದನ್ನೇ ಮೆಲ್ಲಗೆ, ದಡಾರನೆ, ಪದೇ ಪದೇ, ಹೀಗೆ ಐದು ಬಗೆಯಲ್ಲಿ ಮಾಡಲಿ. ನೋಡಿದವರು ‘ಅವಳು ಬಾಗಿಲನ್ನು ದಡಾರನೆ ತೆರೆದಳು’ ಎಂದು ಪೂರ್ಣ ವಾಕ್ಯ ಹೇಳಿದರೆ ಮಾತ್ರ ಅಂಕ ಕೊಡಿರಿ.

ಚೀಟಿಗಳನ್ನೂ ಒಮ್ಮೆ ಸೋಸಿಕೊಳ್ಳಿರಿ. ‘ಸಿಟ್ಟಿನಿಂದ’ ಎಂಬುದು ವಿಭಕ್ತಿ ಹತ್ತಿದ ನಾಮಪದ, ‘ಹೆದರುತ್ತಾ’ ಎಂಬುದು ಕೃದಂತಾವ್ಯಯ, ಅಂದರೆ ಧಾತುವಿನಿಂದ ಹುಟ್ಟಿದ, ರೂಪ ಬದಲಾಗದ ಪದ. ವಾಕ್ಯದಲ್ಲಿ ಎರಡೂ ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತವೆ, ನಿಜ. ಆದರೆ ಮೊದಲ ದಿನ ‘-ಗೆ’, ‘-ಅನೆ’, ‘-ಆಗಿ’ ಎಂದು ಮುಗಿಯುವ ಪದಗಳಿಗೆ ಮಾತ್ರ ನಿಲ್ಲಿಸಿದರೆ ಮಕ್ಕಳಿಗೆ ಗೊಂದಲವಾಗುವುದಿಲ್ಲ.

ಉತ್ತರ 2: ಪ್ರೌಢಶಾಲಾ ಶಿಕ್ಷಕಿ, ಬಾಗಲಕೋಟೆ

ನಾನು ಆಡಿಸುವ ಆಟಕ್ಕೆ ಮಕ್ಕಳೇ ‘ಕಂಬದ ಆಟ’ ಎಂದು ಹೆಸರಿಟ್ಟಿದ್ದಾರೆ. ಮೂವರು ಮಕ್ಕಳು ‘ಹುಡುಗ’, ‘ಬೇಗನೆ’, ‘ಬಂದನು’ ಎಂದು ಬರೆದ ರಟ್ಟು ಹಿಡಿದು ನಿಲ್ಲುತ್ತಾರೆ. ನಾನು ‘ಹುಡುಗಿ’ ಎಂದ ಕೂಡಲೇ ಮೊದಲನೆಯ ಮಗು ಬದಲಾಗಬೇಕು, ಅದರೊಡನೆ ‘ಬಂದನು’ ಹೋಗಿ ‘ಬಂದಳು’ ಬರಬೇಕು; ‘ಹುಡುಗರು’ ಎಂದರೆ ‘ಬಂದರು’ ಬರಬೇಕು. ನಡುವಿನ ‘ಬೇಗನೆ’ ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಲಿಂಗ, ವಚನ, ವಿಭಕ್ತಿಗಳಿಗೆ ಬದಲಾಗದ ಪದವೇ ಅವ್ಯಯ. ಹದಿಮೂರನೆಯ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆ ಲಕ್ಷಣವನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಉತ್ತರ 3: ಇಂಗ್ಲಿಷ್ ಶಿಕ್ಷಕ, ಗೋಕಾಕ

ಕಂಬದ ಆಟ ಬಹಳ ಹಿಡಿಸಿತು. ಆದರೆ ಪ್ರಶ್ನೆ ಕೇಳಿದ ಮೇಡಂ ಅವರ ತೊಂದರೆ ಅದೊಂದರಿಂದಲೇ ತೀರದು ಎಂದು ವಿನಯದಿಂದ ಹೇಳುತ್ತೇನೆ. ಕನ್ನಡದಲ್ಲಿ ‘ದೊಡ್ಡ’ ಎಂಬುದೂ ಕಂಬದಂತೆಯೇ ನಿಲ್ಲುತ್ತದೆ: ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಹುಡುಗರು. ಆದ್ದರಿಂದ ಇನ್ನೊಂದು ನಿಯಮವನ್ನು ಸೇರಿಸಿರಿ: ಪ್ರತಿಯೊಂದು ವಿಶೇಷಣವೂ ತನ್ನ ಪದದ ಕೈ ಹಿಡಿಯಬೇಕು. ‘ಅವನು ಹೊಸ ಸೈಕಲ್ಲನ್ನು ಜೋರಾಗಿ ಓಡಿಸಿದನು’ ಎಂಬಲ್ಲಿ ‘ಹೊಸ’ ಎಂಬ ಮಗು ‘ಸೈಕಲ್ಲ’ನ್ನು ಹಿಡಿದರೆ, ‘ಜೋರಾಗಿ’ ಎಂಬ ಮಗು ‘ಓಡಿಸಿದನು’ ಎಂಬುದನ್ನು ಹಿಡಿಯುತ್ತದೆ. ಆಮೇಲೆ ಸೈಕಲ್ಲನ್ನು ಕುಳ್ಳಿರಿಸಿರಿ. ‘ಹೊಸ’ ಎಂಬುದಕ್ಕೆ ಹಿಡಿಯಲು ಕೈಯೇ ಇರುವುದಿಲ್ಲ, ‘ಜೋರಾಗಿ ಓಡಿಸಿದನು’ ಎಂಬುದು ಮಾತ್ರ ಜೋಡಿಯಾಗಿ ಉಳಿಯುತ್ತದೆ.

‘-ಆಗಿ’ ಕಂಡಲ್ಲೆಲ್ಲ ಗೆರೆ ಎಳೆಯುವ ಅಭ್ಯಾಸವನ್ನೂ ತಡೆಯಿರಿ. ‘ಅವರು ಮುಖ್ಯ ಗುರುಗಳಾಗಿ ಬಂದರು’ ಎಂಬ ವಾಕ್ಯ ಬಂದ ರೀತಿಯನ್ನು ಹೇಳುವುದಿಲ್ಲ, ಬಂದವರ ಹುದ್ದೆಯನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ಕಥೆ: ‘-ಲಿ’ ಎಂದು ಮುಗಿಯುವ ‘ಫ್ರೆಂಡ್ಲಿ’ ಗುಣವಾಚಕ, ಆ ಬಾಲವೇ ಇಲ್ಲದ ‘ಫಾಸ್ಟ್’ ಕ್ರಿಯಾವಿಶೇಷಣವೂ ಆಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ನಮಸ್ಕಾರಗಳು. ಈ ವಾರ ಪಡಸಾಲೆಯಲ್ಲಿ ಕೈ ಹಿಡಿಯುವ ಆಟವನ್ನು ಎರಡು ಅವಧಿ ಆಡಿಸಿದೆ. ಹಲಗೆಯ ಮೇಲೆ ‘ಹಗೂರಕ’ ಎಂದು ಆ ಹುಡುಗನೇ ಬರೆದ, ಪಕ್ಕದಲ್ಲಿ ‘ಮೆಲ್ಲಗೆ’ ಎಂದೂ ಅವನೇ ಬರೆದ. ನಿನ್ನೆ ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಒಂದು ವಾಕ್ಯ ಬರೆಯಿರಿ ಎಂದಾಗ, ಗೋಲಗುಮ್ಮಟವನ್ನು ನೋಡಿ ಬಂದಿದ್ದ ಒಬ್ಬ ಹುಡುಗಿ ‘ಈ ಬದಿಯಲ್ಲಿ ಮೆಲ್ಲಗೆ ಆಡಿದ ಮಾತು ಆ ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ’ ಎಂದು ಬರೆದಳು. ಆ ಎರಡು ಪದಗಳನ್ನು ಅಳಿಸಿ ಓದಿಸಿದೆ. ‘ಹಾಂಗಾರ ಅದರಾಗ ವಿಶೇಷ ಏನೈತ್ರಿ?’ ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳಿದ. ಮುಂದಿನ ವಾರ ‘ಹೆದರುತ್ತಾ’ ಎಂಬ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುತ್ತೇನೆ.