ಗುಡ್ಡದಾಚೆಯ ಡೊಳ್ಳು ಕೇಳುತ್ತದೆ, ಮಾತು ಯಾಕೆ ಕೇಳುವುದಿಲ್ಲ?

ಕಾಫಿಗಿಡ:
ನಮ್ಮ ಮನೆ ಮೂಡಿಗೆರೆ ಕಡೆ, ತೋಟದೊಳಗೆ. ಗುಡ್ಡದಾಚೆ ಊರಲ್ಲಿ ಜಾತ್ರೆ. ಡೊಳ್ಳಿನ ಧಂ ಧಂ ಹಾಸಿಗೆ ತನಕ ಬರುತ್ತದೆ, ಮೈಕಿನಲ್ಲಿ ಹೇಳುವುದು ಮಾತ್ರ ಒಂದಕ್ಷರ ತಿಳಿಯುವುದಿಲ್ಲ. ಸೀರಿಯಲ್ ಲೈಟಂತೂ ಕಾಣುವುದೇ ಇಲ್ಲ. ಶಬ್ದವೂ ಅಲೆ, ಬೆಳಕೂ ಅಲೆ ಅಂತ ಪಿಯುಸಿಯಲ್ಲಿ ಓದಿದ್ದು. ಒಂದು ಗುಡ್ಡ ಬಳಸಿ ಬರುತ್ತದೆ, ಇನ್ನೊಂದಕ್ಕೆ ಏನು ದಾಡಿ?

ಹಾಸನದ ಮೇಷ್ಟ್ರು:
ಅಲೆಯ ಉದ್ದ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಡೊಳ್ಳಿನ ದಪ್ಪ ಸದ್ದು 85 ಹರ್ಟ್ಸ್, ಅಂದರೆ ಸೆಕೆಂಡಿಗೆ 85 ಅಲೆ, ಅಂದುಕೊಂಡರೆ ಒಂದು ಅಲೆ 4 ಮೀಟರ್. ಮಾತು ತಿಳಿಯಲು ಬೇಕಾದ 'ಸ', 'ಶ'ಗಳ ಸದ್ದು 5000 ಹರ್ಟ್ಸ್ ಆಸುಪಾಸು, ಅಲೆ 7 ಸೆಂಟಿಮೀಟರ್ ಕೂಡ ಇಲ್ಲ. ಉದ್ದದ್ದು ಅಂಚಿನಲ್ಲಿ ಜಾಸ್ತಿ ಬಾಗುತ್ತದೆ, ಗಿಡ್ಡದ್ದು ನೇರ ಹೋಗಿಬಿಡುತ್ತದೆ. ಇದೇ ಡಿಫ್ರಾಕ್ಷನ್. ಕೆಂಪು ಬೆಳಕಿನ ಅಲೆಗಳು ಒಂದು ಮಿಲಿಮೀಟರಿನಲ್ಲೇ 1500 ಹಿಡಿಸುತ್ತವೆ. ಅದಕ್ಕೆ ಗುಡ್ಡ ಬಿಡಿ, ಕಾಫಿ ಎಲೆಯೇ ಕೋಟೆ ಗೋಡೆ.

ಸೌಂಡ್ ಬಾಕ್ಸ್:
ಅಷ್ಟೇ ಅಲ್ಲ ಮೇಷ್ಟ್ರೇ. ಕೀಚಲು ಸದ್ದನ್ನು ಗಾಳಿ, ಮರದ ಎಲೆ ಹೀರಿಕೊಳ್ಳುವುದೂ ಇದೆ. ಮತ್ತೆ ಚಳಿ ರಾತ್ರಿ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆಯದು ಇದ್ದರೆ ಮೇಲಕ್ಕೆ ಹೋದ ಶಬ್ದ ಬಾಗಿ ಕೆಳಗಿಳಿಯುತ್ತದೆ. ಅದು ವಕ್ರೀಭವನ, ಡಿಫ್ರಾಕ್ಷನ್ ಅಲ್ಲ. ಹಗಲಲ್ಲಿ ಕೇಳದ ಡೊಳ್ಳು ರಾತ್ರಿ ಕೇಳುತ್ತದಲ್ವಾ?

ಅಲೆ ಅಲೆಯನ್ನೇ ನುಂಗುವುದನ್ನು ನಾನು ಕಲಿತದ್ದು ಬೈಸಿಕೊಂಡು. ಒಂದು ಮದುವೆಮನೆಯಲ್ಲಿ ಎರಡು ಬಾಕ್ಸಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಉಲ್ಟಾ ಕೊಟ್ಟಿದ್ದೆ. ಸರಿಯಾಗಿ ನಡುವೆ ಕೂತವರಿಗೆ ಬೇಸ್ ಮಾಯ, ಪಕ್ಕಕ್ಕೆ ಸರಿದರೆ ಹಾಜರ್. ಒಂದು ಬಾಕ್ಸ್ ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು.

ಕಾಫಿಗಿಡ:
ಹಾಗಾದರೆ ಬೆಳಕು ಬಾಗುವುದೇ ಇಲ್ವಾ?

ಹಾಸನದ ಮೇಷ್ಟ್ರು:
ಬಾಗುತ್ತದೆ, ಅಡ್ಡ ಇಡುವ ವಸ್ತು ಸಣ್ಣದಿರಬೇಕು ಅಷ್ಟೇ. 1803ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಸಣ್ಣ ತೂತಿನಿಂದ ಬಂದ ಬಿಸಿಲಿಗೆ ತೆಳ್ಳನೆ ಕಾರ್ಡಿನ ಚೂರು ಅಡ್ಡ ಹಿಡಿದಿದ್ದನ್ನು ವಿವರಿಸಿದ. ನೆರಳಿನ ಒಳಗೇ ಗೆರೆಗಳು! ಒಂದು ಪಕ್ಕದ ಬೆಳಕು ತಡೆದರೆ ಆ ಗೆರೆ ಮಾಯ. ಅಂದರೆ ಎರಡೂ ಪಕ್ಕದಿಂದ ಬಾಗಿ ಬಂದ ಬೆಳಕು ಸೇರಿಯೇ ಗೆರೆ ಆಗಿದ್ದು, ಮದುವೆಮನೆಯ ಆ ಎರಡು ಬಾಕ್ಸಿನ ಹಾಗೆ. ನೀವು ಸುಮ್ನೆ ಲೇಸರ್ ಪಾಯಿಂಟರ್ ಮುಂದೆ ಒಂದು ಕೂದಲು ಅಂಟಿಸಿ ಗೋಡೆ ನೋಡಿ. ಕಣ್ಣಿಗೆ ಮಾತ್ರ ಬಿಡಬೇಡಿ.

ಕಾಫಿಗಿಡ:
ಮಾಡಿದೆ. ಗೋಡೆ 3 ಮೀಟರ್ ದೂರ, ಕೆಂಪು ಲೇಸರ್ 650 ನ್ಯಾನೋಮೀಟರ್. ಕಪ್ಪು ಗೆರೆಗಳ ನಡುವೆ ಹೆಚ್ಚುಕಮ್ಮಿ 2.8 ಸೆಂಟಿಮೀಟರ್. ಲೆಕ್ಕ ಹಾಕಿದರೆ ಕೂದಲು 0.07 ಮಿಲಿಮೀಟರ್ ದಪ್ಪ ಬಂತು. ಈಗ ತಂಗಿ ತನ್ನದೂ ಅಳೆಯಬೇಕು ಅಂತ ಕೂತಿದ್ದಾಳೆ.