ಪಕ್ಕದ ಮನೆ ಅಜ್ಜ ಕೊಟ್ಟ ಬೇಸ್‌ಬಾಲ್ ಕಾರ್ಡುಗಳ ಆಲ್ಬಮ್: ಬಿಡಿಸೋದಾ, ಹಾಗೇ ಇಡೋದಾ?

ಪ್ರಶ್ನೆ (ನ್ಯೂಜೆರ್ಸಿಯಿಂದ):
ಎಲ್ಲರಿಗೂ ನಮಸ್ಕಾರ. ಹಳೇ ಕಾಗದ ಕಾಪಾಡುವ ಕೆಲಸದಲ್ಲಿರುವ ಮೇಡಂ ಒಬ್ಬರು ಈ ಗುಂಪಿನಲ್ಲಿದ್ದಾರೆ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ನಮ್ಮ ಪಕ್ಕದ ಮನೆಯಲ್ಲಿ 88 ವರ್ಷದ ಅಜ್ಜ ಒಬ್ಬರೇ ಇದ್ದಾರೆ. ಚಳಿಗಾಲ ಬಂದರೆ ಅವರ ಬಾಗಿಲ ಮುಂದಿನ ಹಿಮ ಎತ್ತಿಹಾಕೋದು ನನ್ನ ಮಗ. ಅವನಿಗೆ ಹನ್ನೆರಡು ವರ್ಷ, ಬೇಸ್‌ಬಾಲ್ ಹುಚ್ಚು. ಹೋದ ವಾರ ಅಜ್ಜ ಅಟ್ಟ ಖಾಲಿ ಮಾಡುವಾಗ ಅವನ ಕೈಗೆ ಒಂದು ಕಪ್ಪು ಹಾಳೆಯ ಆಲ್ಬಮ್ ಇಟ್ಟರು. ಅವರ ತಂದೆ ಹುಡುಗನಾಗಿದ್ದಾಗ ಅಂಟಿಸಿದ್ದಂತೆ. ಒಟ್ಟು 41 ಕಾರ್ಡು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಸುತ್ತ ಬಿಳಿ ಅಂಚು, ಕೆಳಗೆ ಕಂದು ಅಕ್ಷರದಲ್ಲಿ ಆಟಗಾರನ ಹೆಸರು. ಆರು ಕಾರ್ಡು ತಾವಾಗೇ ಕಳಚಿ ಬಿದ್ದಿವೆ. ಅವುಗಳ ಹಿಂದೆ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಅಂತ ಸಿಗರೇಟಿನ ಜಾಹೀರಾತು. ಬಿದ್ದಿರೋದರಲ್ಲಿ ಒಂದು ಕೆಂಪು ಹಿನ್ನೆಲೆಯದು, ಆಗಿನ ಹೆಸರಾಂತ ಆಟಗಾರ ಟೈ ಕಾಬ್‌ನದ್ದು.

ಮಗನಿಗೆ ಎಲ್ಲವನ್ನೂ ಬಿಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ನೇಹಿತರ ಜೊತೆ ಬದಲಾಯಿಸಿಕೊಳ್ಳುವ ಆಸೆ. ನಮ್ಮ ಯಜಮಾನರು, ಅಂಚೆಚೀಟಿ ಬಿಡಿಸಿದ ಹಾಗೆ ಕೆಟಲ್ ಹಬೆಗೆ ಹಿಡಿದರೆ ಬಿಡುತ್ತೆ ಅಂತಾರೆ. ಹಬೆ ಹಿಡಿಯಬಹುದಾ? ಅಂಚಿನ ಕೊಳೆಯನ್ನು ರಬ್ಬರಿನಿಂದ ಉಜ್ಜಬಹುದಾ?

ಉತ್ತರ:
ಹಬೆ ಬೇಡ, ರಬ್ಬರೂ ಬೇಡ. ಯಜಮಾನರಿಗೆ ಇವತ್ತೇ ಹೇಳಿಬಿಡಿ. ಕಾರ್ಡಿನ ಮೇಲಿರುವುದು ಎಣ್ಣೆಯ ಶಾಯಿ, ಅದು ತೇವವನ್ನು ಸ್ವಲ್ಪ ತಡೆದೀತು. ಆದರೆ ಆ ಕಪ್ಪು ಹಾಳೆಯ ಬಣ್ಣ ತಡೆಯುವುದಿಲ್ಲ, ಕರಗಿ ಬಿಳಿ ಅಂಚಿಗೆ ಏರುತ್ತದೆ. ಒಮ್ಮೆ ಏರಿದ ಕಪ್ಪನ್ನು ಇಳಿಸಲು ನನ್ನಿಂದಲೂ ಆಗುವುದಿಲ್ಲ. ರಬ್ಬರ್ ಕೊಳೆಯ ಜೊತೆ ಕಾಗದದ ಮೇಲ್ಮೈಯನ್ನೂ ಎತ್ತುತ್ತದೆ.

ನೀವು ಹೇಳಿದ ಲಕ್ಷಣಗಳೆಲ್ಲ ಟಿ206 ಸರಣಿಯವು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನೊಳಗೆ ಒಂದೊಂದು ಕಾರ್ಡು ಇಟ್ಟು ಕೊಡುತ್ತಿತ್ತು. ಮೆತ್ತನೆಯ ಪ್ಯಾಕು ಮಡಚಿ ಹೋಗದಂತೆ ಅದೇ ರಟ್ಟು, ಗಿರಾಕಿ ಮತ್ತೆ ಬರಲು ಅದೇ ಆಸೆ. ಹುಡುಗರು ಅಂಗಡಿ ಬಾಗಿಲಲ್ಲಿ ನಿಂತು, ಸಿಗರೇಟು ಕೊಂಡು ಹೊರಬರುವ ದೊಡ್ಡವರನ್ನು ಕಾರ್ಡು ಕೊಡಿ ಎಂದು ಕಾಡುತ್ತಿದ್ದರು. ನಿಮ್ಮ ಅಜ್ಜನ ತಂದೆಯೂ ಹಾಗೆ ನಿಂತಿದ್ದ ಹುಡುಗನೇ ಇರಬಹುದು. ಸರಣಿಯಲ್ಲಿ ಒಟ್ಟು 524 ಚಿತ್ರ. ಒಂದೇ ಚಿತ್ರದ ಹಿಂದೆ ಬೇರೆ ಬೇರೆ ಸಿಗರೇಟಿನ ಹೆಸರು ಬರುತ್ತದೆ, ಅಂಥ ಹದಿನಾರು ಬ್ರಾಂಡು. ಅವುಗಳಲ್ಲಿ ಒಂದರ ಹೆಸರು 'ಹಿಂದೂ'! ಅದು ಹೆಚ್ಚಾಗಿ ಕಂದು ಶಾಯಿಯಲ್ಲಿ ಸಿಗುತ್ತದೆ, ಕೆಂಪು ಶಾಯಿಯದು ಅಪರೂಪ.

ಇನ್ನು ಆಲ್ಬಮ್. ನನ್ನ ಕೆಲಸ ಶುರುವಾದದ್ದು ಮೈಸೂರಿನಲ್ಲಿ ಓಲೆಗರಿಗಳ ಜೊತೆ, ಈಗ ಇಪ್ಪತ್ತು ವರ್ಷದಿಂದ ಇಲ್ಲಿ ಕಾಗದದ ಜೊತೆ. ಎರಡೂ ಕಡೆ ಕಲಿತದ್ದು ಒಂದೇ: ಯಾರೋ ಕಟ್ಟಿಟ್ಟ ಕಟ್ಟನ್ನು ಬಿಚ್ಚುವ ಮೊದಲು, ಅವರು ಯಾವ ಕ್ರಮದಲ್ಲಿ ಕಟ್ಟಿದ್ದರು ಎಂದು ನೋಡಬೇಕು. ಆ ಹುಡುಗ ತಂಡದ ಪ್ರಕಾರ ಅಂಟಿಸಿದ್ದಾನಾ? ಕೆಳಗೆ ಏನಾದರೂ ಬರೆದಿದ್ದಾನಾ? ಬಿಡಿಸಿದರೆ 41 ಕಾರ್ಡು ಉಳಿಯುತ್ತವೆ, ಹುಡುಗ ಹೋಗುತ್ತಾನೆ.

ಈ ಸರಣಿಗೆ ಟಿ206 ಎಂದು ಹೆಸರಿಟ್ಟವರೂ ತಮ್ಮ ಕಾರ್ಡುಗಳನ್ನು ಹೀಗೆಯೇ ಅಂಟಿಸಿದವರು. ಸಿರಾಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಸಂಧಿವಾತದಿಂದ ಕೈ ಬೆರಳು ಮಡಚದಿದ್ದರೂ 3 ಲಕ್ಷಕ್ಕೂ ಹೆಚ್ಚು ಕಾರ್ಡು, ಚೀಟಿ, ಲೇಬಲ್ಲುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಅಲ್ಲೇ ಕೂತು ವರ್ಷಗಟ್ಟಲೆ ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚಿನಲ್ಲಿ ತೀರಿಕೊಂಡರು. ಇವತ್ತು ಯಾರೂ ಹಾಗೆ ಅಂಟಿಸುವುದಿಲ್ಲ, ನಾನೂ ಬೇಡ ಎನ್ನುತ್ತೇನೆ. ಆದರೂ ಆ ಆಲ್ಬಮ್ಮುಗಳನ್ನು ನೋಡಿದಾಗ ಆ ಕೈಗಳೇ ನೆನಪಾಗುತ್ತವೆ.

ಸದ್ಯ ಇಷ್ಟು ಮಾಡಿ. ಹಾಳೆ ಹಾಳೆಯ ನಡುವೆ ಆಮ್ಲವಿಲ್ಲದ ತೆಳು ಕಾಗದ ಇಟ್ಟು, ಆಲ್ಬಮ್ಮನ್ನು ಮಲಗಿಸಿಯೇ ಪೆಟ್ಟಿಗೆಯಲ್ಲಿಡಿ. ಅಟ್ಟ, ನೆಲಮಾಳಿಗೆ ಎರಡೂ ಬೇಡ, ನೀವು ಮಲಗುವ ಕೋಣೆಯ ಬೀರುವೇ ಒಳ್ಳೆಯದು. ಕಳಚಿದ ಆರನ್ನು ಕಾರ್ಡಿಗೆಂದೇ ಸಿಗುವ ಮೆತ್ತನೆ ಕವರಿಗೆ (ಸ್ಲೀವ್) ಹಾಕಿ, ಆಮೇಲೆ ಗಟ್ಟಿ ಕವರಿಗೆ. ಪಿವಿಸಿ ಪ್ಲಾಸ್ಟಿಕ್, ಸೆಲೋಟೇಪು, ಲ್ಯಾಮಿನೇಷನ್ ಹತ್ತಿರವೂ ಸುಳಿಯಬಾರದು.

ಕೊನೆಗೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಬೇಕು. ಸಾಮಾನ್ಯ ಆಟಗಾರನ ಮಾಸಿದ ಟಿ206 ಕಾರ್ಡಿಗೇ ಹತ್ತಾರು ಡಾಲರ್ ಇದೆ. ಕೆಂಪು ಕಾಬ್ ಎಷ್ಟೇ ಸವೆದಿದ್ದರೂ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಅಜ್ಜನಿಗೆ ಇದು ಗೊತ್ತಿದೆಯಾ? ಗೊತ್ತಿದ್ದೇ ಕೊಟ್ಟರೆ ಸಂತೋಷ. ಗೊತ್ತಿಲ್ಲದಿದ್ದರೆ ಮಗನನ್ನು ಕರೆದುಕೊಂಡು ಹೋಗಿ ಹೇಳಿ. ಉಳಿದದ್ದೆಲ್ಲ ಅದಾದ ಮೇಲೆ.

ಪ್ರತಿಕ್ರಿಯೆ (ಡಲ್ಲಾಸ್‌ನಿಂದ):
ಮೇಡಂ, ಹಳೇ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡು ಕೋಟಿಗಟ್ಟಲೆಗೆ ಹೋಗೋದು ಇದೇ ಸರಣಿಯದ್ದಾ? ನಾನು ಸಂತೆಯಲ್ಲಿ ಒಂದು ತಗೊಂಡಿದ್ದೀನಿ, ಇಪ್ಪತ್ತು ಡಾಲರಿಗೆ.

ಉತ್ತರ:
ಇದೇ ಸರಣಿ. ತನ್ನ ಚಿತ್ರ ಹಾಕಬೇಡಿ ಎಂದು ವ್ಯಾಗ್ನರ್ ಹೇಳಿದ್ದರಿಂದ ಮುದ್ರಣ ಬೇಗ ನಿಂತಿತು. ಮಕ್ಕಳು ಇದಕ್ಕಾಗಿ ತಂಬಾಕು ಕೊಳ್ಳಬಾರದೆಂದು ಬೇಡವೆಂದರು ಅನ್ನುವವರೂ ಇದ್ದಾರೆ, ದುಡ್ಡು ಕೊಡಲಿಲ್ಲ ಎಂದು ಬೇಡವೆಂದರು ಅನ್ನುವವರೂ ಇದ್ದಾರೆ. ಉಳಿದಿರುವುದು ಐವತ್ತು ಅರವತ್ತರ ಆಸುಪಾಸು. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಕೈ ಬದಲಾಯಿತು. ನಿಮ್ಮದು ಮರುಮುದ್ರಣವೇ ಇರಬೇಕು ಸರ್, ಬೇಸರ ಮಾಡಿಕೊಳ್ಳಬೇಡಿ.

ನೀವೇ ನೋಡಬಹುದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯನ್ನು ಹೆಸರಿನ ಅಕ್ಷರದ ಮೇಲೆ ಹಿಡಿಯಿರಿ. ಮೂಲ ಕಾರ್ಡು ಕಲ್ಲಚ್ಚಿನದು, ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಅಕ್ಷರ ಒಂದೇ ಕಂದು ಶಾಯಿಯಲ್ಲಿ ತುಂಬಿಕೊಂಡಿರುತ್ತದೆ. ಈಗಿನ ಮುದ್ರಣದಲ್ಲಿ ಅದೇ ಅಕ್ಷರ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಆಮೇಲೆ ಕತ್ತಲಲ್ಲಿ ಅತಿನೇರಳೆ ಟಾರ್ಚು ಬಿಡಿ. ಈಚಿನ ಕಾಗದಕ್ಕೆ ಬಿಳುಪು ಬರಿಸುವ ರಾಸಾಯನಿಕ ಸೇರಿಸುವುದರಿಂದ ಅದು ನೀಲಿಯಾಗಿ ಹೊಳೆಯುತ್ತದೆ, 1910ರ ಕಾಗದ ಮಂಕಾಗಿಯೇ ಇರುತ್ತದೆ. ಚಹಾದಲ್ಲಿ ಅದ್ದಿ ಹಳದಿ ಮಾಡಿದ ನಕಲಿಗಳು ಬಹಳ. ಬಣ್ಣ ನೋಡಿ ವಯಸ್ಸು ಹೇಳಬೇಡಿ.

ಪ್ರತಿಕ್ರಿಯೆ (ಚಿಕಾಗೋದಿಂದ):
ನನ್ನ ಹತ್ತಿರ 1914ರ ಕ್ರ್ಯಾಕರ್ ಜ್ಯಾಕ್ ತಿಂಡಿಯ ಕಾರ್ಡು ಒಂದಿದೆ, ತುಂಬಾ ಕಲೆ. ಮೂಲೆಯೂ ಮೊಂಡಾಗಿದೆ. ತೆಳುವಾಗಿ ಕತ್ತರಿಸಿ ಮೂಲೆ ಚೂಪು ಮಾಡಿಸಿದರೆ ತಪ್ಪಾ?

ಉತ್ತರ:
ತಪ್ಪು. ಆ ಕಲೆ ಸಕ್ಕರೆ ಪಾಕದ್ದು. 1914ರಲ್ಲಿ ಕಾರ್ಡು ತಿಂಡಿಯ ಜೊತೆ ಅದೇ ಡಬ್ಬಿಯೊಳಗೆ ಬರುತ್ತಿತ್ತು, ಕಲೆಯಿಲ್ಲದ್ದು ಸಿಗುವುದೇ ಕಷ್ಟ. 1915ರಲ್ಲಿ ಕೂಪನ್ ಕಳಿಸಿ ಅಂಚೆಯಲ್ಲಿ ಇಡೀ ಸೆಟ್ಟು ತರಿಸಬಹುದಿತ್ತು, ಅದಕ್ಕೇ ಆ ವರ್ಷದವು ಅಚ್ಚುಕಟ್ಟಾಗಿ ಉಳಿದಿವೆ.

ಕತ್ತರಿಯ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ನೋವಾಗುತ್ತದೆ. ಅತ್ಯಂತ ಹೆಸರುವಾಸಿ ವ್ಯಾಗ್ನರ್ ಕಾರ್ಡನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತೊಬ್ಬರ ಜೊತೆ ಸೇರಿ 4,51,000 ಡಾಲರಿಗೆ ಕೊಂಡಿದ್ದರು. ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ ಹಿಂದೆ ಅದನ್ನು ಮಾರಿದ್ದ ವ್ಯಾಪಾರಿ 2013ರಲ್ಲಿ ಒಪ್ಪಿಕೊಂಡ. ಹತ್ತಾರು ವರ್ಷ ಪೂರ್ತಿಯಾಗಿ ಉಳಿದ ಕಾಗದವನ್ನು ಒಂದು ಮಧ್ಯಾಹ್ನದಲ್ಲಿ ಕಿರಿದು ಮಾಡಿದ್ದು ಅದು. ನಿಮ್ಮ ಮೊಂಡು ಮೂಲೆ ಹಾಗೇ ಇರಲಿ.

ಪ್ರತಿಕ್ರಿಯೆ (ಬೆಂಗಳೂರಿನಿಂದ):
ಚಿಕ್ಕಂದಿನಲ್ಲಿ ಬಿಗ್ ಫನ್ ಗಮ್ಮಿನ ಕ್ರಿಕೆಟ್ ಕಾರ್ಡು ಕೂಡಿಸುತ್ತಿದ್ದೆ, ಅದೆಲ್ಲ ನೆನಪಾಯಿತು. ಇವನ್ನು ಕೊಳ್ಳುವ ಶಕ್ತಿ ನನಗಿಲ್ಲ, ಕಣ್ತುಂಬ ನೋಡೋಕೆ ದಾರಿ ಇದೆಯಾ ಅಕ್ಕಾ?

ಉತ್ತರ:
ಇದೆ ತಮ್ಮಾ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹ ಎಂದು ಹುಡುಕಿ. 1887ರಿಂದ 1914ರವರೆಗಿನ 2,100 ಕಾರ್ಡು, ಮುಖ ಬೆನ್ನು ಎರಡೂ, ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. 1887ರ ಓಲ್ಡ್ ಜಡ್ಜ್ ಸಿಗರೇಟಿನ ಕಾರ್ಡುಗಳನ್ನು ಮೊದಲು ನೋಡು. ಆಟಗಾರ ಸ್ಟುಡಿಯೋದಲ್ಲಿ ದಾರಕ್ಕೆ ಕಟ್ಟಿದ ಚೆಂಡಿಗೆ ಬ್ಯಾಟು ಎತ್ತಿ ನಿಂತಿರುತ್ತಾನೆ!

ಪ್ರಶ್ನೆ ಕೇಳಿದವರಿಂದ:
ಮೇಡಂ, ನಿನ್ನೆ ಮೂವರೂ ಹೋಗಿ ಅಜ್ಜನಿಗೆ ಎಲ್ಲ ಹೇಳಿದೆವು. ಬೆಲೆ ಅವರಿಗೆ ಗೊತ್ತಿರಲಿಲ್ಲ. ತುಂಬಾ ಹೊತ್ತು ಆಲ್ಬಮ್ ತಿರುವಿದರು. ಕಾಬ್ ಮೊಮ್ಮಗಳಿಗೆ ಇರಲಿ, ಆಲ್ಬಮ್ ಹುಡುಗನದ್ದೇ ಅಂದರು. ಮಗ ಒಪ್ಪಿದ, ರಾತ್ರಿ ಸ್ವಲ್ಪ ಅತ್ತ. ಈಗ ಕಾಬ್ ಇದ್ದ ಜಾಗ ಹಾಳೆಯಲ್ಲಿ ಖಾಲಿ ಕಾಣ್ತಿದೆ. ಅಲ್ಲಿ ನಕಲು ಅಂಟಿಸಬಹುದಾ? ಉಳಿದವನ್ನು ಸ್ಕ್ಯಾನ್ ಮಾಡಿ ಹಂಚಿಕೊಳ್ಳಬಹುದಾ?

ಉತ್ತರ:
ಮಗನಿಗೆ ನನ್ನ ಪ್ರೀತಿ ತಿಳಿಸಿ. ಖಾಲಿ ಜಾಗ ಖಾಲಿಯೇ ಇರಲಿ, ಏನೂ ಅಂಟಿಸಬೇಡಿ. ಕಾಬ್ ಹೋಗುವ ಮುಂಚೆ ಮುಖ, ಬೆನ್ನು ಎರಡನ್ನೂ 600 ಡಿಪಿಐಗೆ ಸ್ಕ್ಯಾನ್ ಮಾಡಿ, ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಿಡಿ. ಆಲ್ಬಮ್ಮನ್ನು ಸ್ಕ್ಯಾನರಿಗೆ ಬೋರಲು ಹಾಕಿ ಒತ್ತಬೇಡಿ, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ಫೋಟೋ ಸಾಕು.

ಖಂಡಿತ ಹಂಚಿಕೊಳ್ಳಿ, ಕಳಚಿದ ಕಾರ್ಡುಗಳ ಬೆನ್ನು ಮಾತ್ರ ಮರೆಯಬೇಡಿ. '150 ಸಬ್ಜೆಕ್ಟ್ಸ್' (150 ಚಿತ್ರ) ಅಂತಿದೆಯೋ '350' ಅಂತಿದೆಯೋ, ವರ್ಜೀನಿಯಾದ 25ನೇ ನಂಬರಿನ ಕಾರ್ಖಾನೆಯೋ ನ್ಯೂಯಾರ್ಕಿನ 30ನೆಯದೋ, ಅಷ್ಟರಿಂದ ಅಜ್ಜನ ತಂದೆ ಯಾವ ವರ್ಷ ಕೂಡಿಸಿದ್ದು ಎಂದು ಹತ್ತಿರ ಹತ್ತಿರ ಹೇಳಬಹುದು. ಮಗನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ: ಯಾವ ಹಾಳೆ, ಎಷ್ಟನೇ ಸಾಲು, ಯಾವ ಆಟಗಾರ. ಕಾಬ್ ಎದುರಿಗೆ ಯಾರಿಗೆ ಹೋಯಿತು, ಯಾವ ತಾರೀಖು ಅಂತಲೂ ಬರೆಯಲಿ. ಆ ನೋಟ್‌ಬುಕ್ಕು ಆಲ್ಬಮ್ಮಿನ ಪೆಟ್ಟಿಗೆಯಲ್ಲೇ ಇರಲಿ.